ಆಪರೇಷನ್ ಟೇಬಲ್ಲಿನ ಮೇಲೆ ಬಾಗಲಕೋಟಿ ಬಸ್ಸು ಕೂಗಿದ್ದು

ಮೊದಲೇ ಹೇಳಿಬಿಡುತ್ತೇನೆ. ನನಗೆ ಉಚ್ಚೆ ಸೋರುತ್ತಿತ್ತು. ಕೆಮ್ಮಿದರೆ, ಸೀನಿದರೆ, ನಕ್ಕರೆ, ನೀರಿನ ಕೊಡ ಎತ್ತಿದರೆ, ಬಸ್ಸು ತಗ್ಗಿಗೆ ಬಿದ್ದು ಎದ್ದರೆ. ಇಷ್ಟು ಓದಿ ಮುಖ ಕಿವುಚಿದವರು ಪುಟ ತಿರುವಿಕೊಳ್ಳಲಿ, ನನ್ನದೇನೂ ಅಡ್ಡಿಯಿಲ್ಲ. ನಾನು ಬರೆಯುತ್ತಿರುವುದು ಅವರಿಗಲ್ಲ. ಕುರ್ಚಿಯಿಂದ ಏಳುವ ಮೊದಲು ಸೀರೆಯ ಹಿಂಭಾಗವನ್ನು ಕೈಯಿಂದ ಸವರಿ ನೋಡಿಕೊಳ್ಳುವ ಹೆಂಗಸರಿದ್ದಾರಲ್ಲ, ಅವರಿಗೆ.

ನಾನು ಕಸ್ತೂರಿ. ಇಳಕಲ್ಲಿನವಳು, ಬಸ್ ಕಂಡಕ್ಟರ್. ಹುನಗುಂದ, ಅಮೀನಗಡ, ಕಮತಗಿ ಹಾದು ಬಾಗಲಕೋಟೆಗೆ ಹೋಗಿ ಬರುವ ಗಾಡಿ ನನ್ನದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಳಕಲ್ಲ ಬಸ್‌ಸ್ಟ್ಯಾಂಡಿನಲ್ಲಿ ನನ್ನ ದನಿಗೆ ಒಂದು ಹೆಸರಿತ್ತು. ನಾನು ಬಾಗಿಲಲ್ಲಿ ನಿಂತು “ಹುನಗುಂದ, ಅಮೀನಗಡ, ಬಾಗಲಕೋಟೀ!” ಎಂದು ಕೂಗಿದರೆ ಆಚೆ ಬದಿಯ ಚಹಾದಂಗಡಿಯವರು ಗ್ಲಾಸು ಕೆಳಗಿಟ್ಟು ಓಡಿಬರುತ್ತಿದ್ದರು. ನನ್ನ ಗಂಡ ಮಲ್ಲಪ್ಪ, ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಮದುವೆಗೆ ಮುಂಚೆ ಆ ದನಿ ಕೇಳಿಯೇ ನನ್ನ ಬಸ್ಸು ಹತ್ತುತ್ತಿದ್ದನಂತೆ. ಹಾಗಂತ ಅವನೇ ಹೇಳುತ್ತಾನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎರಡನೆಯ ಹೆರಿಗೆಯ ನಂತರ ಶುರುವಾಯಿತು. ಮೊದಮೊದಲು ಹನಿ, ಆಮೇಲೆ ಅಂಗೈಯಗಲ ಒದ್ದೆ. ಖಾಕಿ ಬಟ್ಟೆಗೆ ನೀರು ತಾಗಿದರೆ ಎಂಥ ಕಪ್ಪು ಕಲೆ ಏಳುತ್ತದೆಂದು ಖಾಕಿ ತೊಟ್ಟವರಿಗೇ ಗೊತ್ತು. ನಾನು ಬೆಳಿಗ್ಗೆ ಹೊರಟರೆ ಬಾಗಲಕೋಟೆ ಮುಟ್ಟುವ ತನಕ ನೀರು ಕುಡಿಯುವುದನ್ನು ಬಿಟ್ಟೆ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲಲ್ಲಿ, ಇಂಜಿನ್ನಿನ ಪಕ್ಕ ನಿಂತು, ನೀರಿಲ್ಲದೆ! ಆಮೇಲೆ ಸೀಟಿ ಊದುವುದನ್ನು ಬಿಟ್ಟೆ, ಯಾಕೆಂದರೆ ಜೋರಾಗಿ ಊದಿದರೆ ಸೋರುತ್ತಿತ್ತು. ಅದರ ಬದಲು ನಾಣ್ಯದಿಂದ ಕಂಬಿ ಬಡಿಯುತ್ತಿದ್ದೆ. ಕೊನೆಗೆ ಕೂಗುವುದನ್ನೂ ಬಿಟ್ಟೆ. ಬಾಗಿಲಲ್ಲಿ ನಿಂತು ಬೆಕ್ಕಿನ ದನಿಯಲ್ಲಿ “ಬಾಗಲಕೋಟಿರಿ, ಬಾಗಲಕೋಟಿ” ಅನ್ನುತ್ತಿದ್ದೆ. ಜನ ನನಗೆ ವಯಸ್ಸಾಯಿತು, ಸೌಮ್ಯಳಾದೆ ಅಂದುಕೊಂಡರು. ಸೌಮ್ಯತನವಂತೆ! ನನಗೆ ಒಳಗೊಳಗೇ ಸಿಟ್ಟಿನಿಂದ ಮೈ ಉರಿಯುತ್ತಿತ್ತು.

ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ. ಮಷೀನು ಹಿಡಿದು ಹಿಂದಿನ ಸೀಟಿನವರೆಗೆ ನುಗ್ಗಿ ಹೋಗಿ ಬರುವಷ್ಟರಲ್ಲಿ ಯಾರಾದರೂ ಹೊಟ್ಟೆಗೆ ಮೊಳಕೈ ತಿವಿದಿರುತ್ತಿದ್ದರು. ಅಂಥ ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ಅಮೀನಗಡ. ಅಲ್ಲಿ ಒಂದು ಕರದಂಟಿನ ಅಂಗಡಿಯ ಹಿಂದೆ ಅವರ ಮನೆ, ಮನೆಯ ಹಿತ್ತಿಲಲ್ಲಿ ಪಾಯಖಾನೆ. ಆ ಮನೆಯೊಡತಿ ಏನೂ ಕೇಳದೆ ಚಿಲಕ ತೆಗೆದು ಕೊಡುತ್ತಿದ್ದಳು. ನಾನು ಬಟ್ಟೆ ಬದಲಿಸಿ ಬರುವ ತನಕ ನಮ್ಮ ಡ್ರೈವರ್ ಖಾದರ ಸಾಹೇಬರು ಕೆಳಗಿಳಿದು ಟಾಯರುಗಳನ್ನು ಒಂದೊಂದಾಗಿ ಒದ್ದು ನೋಡುತ್ತಿದ್ದರು.

“ಯಾಕ್ರಿ, ಗಾಡಿ ನಿಂತೇ ಬಿಟ್ಟಿತಲ್ಲ?” ಎಂದು ಯಾರಾದರೂ ಗದರಿದರೆ, “ಟಾಯರ್ ಗರಂ ಆಗೇತ್ರಿ, ತಣ್ಣಗಾಗಲಿ” ಎನ್ನುತ್ತಿದ್ದರು.

ಚಳಿಗಾಲದಲ್ಲೂ ಟಾಯರು ಗರಂ! ನಾನು ಅವರಿಗೆ ಏನನ್ನೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಅವರ ಬೀಬಿಗೂ ಇದೇ ತೊಂದರೆ ಇತ್ತೆಂದು ಎಷ್ಟೋ ಕಾಲದ ಮೇಲೆ ಗೊತ್ತಾಯಿತು.

ಹೀಗೇ ಹೇಗೋ ನಡೆಯುತ್ತಿತ್ತೇನೋ. ಆದರೆ ಗಾಡಿ ದಿನಾ ಅಮೀನಗಡದಲ್ಲಿ ತಡವಾಗುತ್ತದೆಂದು ಯಾರೋ ದೂರು ಕೊಟ್ಟರು. ಡಿಪೋದಲ್ಲಿ ಖಾದರ ಸಾಹೇಬರಿಗೆ ಮೆಮೊ ಬಂತು. ಅವರು ಅದನ್ನು ಮಡಿಚಿ ಜೇಬಿಗಿಟ್ಟುಕೊಂಡು ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ. ನೇರ ಮ್ಯಾನೇಜರರ ಕೋಣೆಗೆ ಹೋಗಿ, ತಡ ಆಗುವುದು ನನ್ನಿಂದ, ನನಗೆ ಮೈಯಲ್ಲಿ ಹುಷಾರಿಲ್ಲ ಎಂದೆ.

ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು, “ಹಂಗಾರ ರೂಟ್ ಬಿಡ್ರಿ ಕಸ್ತೂರವ್ವ. ಆಫೀಸಿನ್ಯಾಗ ಒಂದ್ ಕುರ್ಚಿ ಖಾಲಿ ಐತಿ. ಕುಂತು ಮಾಡೂ ಕೆಲಸ, ನೆಳ್ಳಾಗ” ಎಂದರು.

ಒಳ್ಳೆಯ ಮಾತೇ. ಆದರೆ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆ ಬಾಗಿಲು, ಆ ಕಂಬಿ, ಆ ರಸ್ತೆ ನನ್ನವು. ಮೈಯ ಒಂದು ಕಡೆ ಸಡಿಲಾಯಿತೆಂದು ಎಲ್ಲವನ್ನೂ ಬಿಟ್ಟುಕೊಟ್ಟು ಕುರ್ಚಿಯಲ್ಲಿ ಒದ್ದೆಯಾಗಿ ಕೂರಬೇಕೇ? “ಒಂದಿಷ್ಟು ಟೈಮ್ ಕೊಡ್ರಿ ಸಾಹೇಬ್ರ, ರಿಪೇರಿ ಮಾಡಿಸ್ಕೊಂಡು ಬರ್ತೇನಿ” ಎಂದೆ. ಅವರು ನಕ್ಕರು. ನಾನು ನಗಲಿಲ್ಲ, ನಕ್ಕರೆ ಏನಾಗುತ್ತದೆಂದು ನಿಮಗೆ ಹೇಳಿದ್ದೇನಲ್ಲ.

ಊರಲ್ಲಿ ತೋರಿಸಿದ ಮೊದಲ ಡಾಕ್ಟರು ನನ್ನ ಮುಖವನ್ನೂ ಸರಿಯಾಗಿ ನೋಡದೆ “ಗರ್ಭಚೀಲ ತೆಗೆದುಬಿಡೋಣ” ಎಂದರು. ನಮ್ಮ ಕಡೆ ಹೆಂಗಸರ ಎಲ್ಲ ರೋಗಕ್ಕೂ ಇದೊಂದೇ ಔಷಧ. ಬಾದಾಮಿಯಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿದೆ. ಅವಳು ಇದೇ ತೊಂದರೆಗೆಂದು ಹೋಗಿ ಚೀಲ ತೆಗೆಸಿಕೊಂಡವಳು.

“ಸೋರೂದು ನಿಂತಿತೇನ ಅಕ್ಕಾ?”

“ಎಲ್ಲಿದು ತಗೀ! ಚೀಲ ಹೋತು, ಇದು ಹಂಗ ಉಳೀತು” ಎಂದಳು. ಆಮೇಲೆ, “ನೀ ಹಂಗ ಮಾಡ್ಕೋಬ್ಯಾಡ ಕಸ್ತೂರಿ. ಕೇಳಿ ಮಾಡ್ಕೋ. ನಾ ಕೇಳಲಿಲ್ಲ, ನನಗ್ಯಾರೂ ಹೇಳಲಿಲ್ಲ” ಎಂದಳು. ಅವಳ ದನಿ ಕೇಳಿ ನನಗೆ ಅಳು ಬಂತು. ಆ ಡಾಕ್ಟರರ ಕಡೆಗೆ ಮತ್ತೆ ಹೋಗಲಿಲ್ಲ.

ಬಾಗಲಕೋಟೆಯಲ್ಲಿ ಇದಕ್ಕೆಂದೇ ನೋಡುವ ಲೇಡಿ ಡಾಕ್ಟರ್ ಇದ್ದಾರೆಂದು ಹೇಳಿದ್ದು ಕರದಂಟಿನಂಗಡಿಯ ಮನೆಯೊಡತಿ. ಮಲ್ಲಪ್ಪನನ್ನು ಕರೆದುಕೊಂಡು ಹೋದೆ. ದವಾಖಾನೆಯ ಬೆಂಚಿನ ಮೇಲೆ ಕೂರಲೂ ಜಾಗವಿಲ್ಲದಷ್ಟು ಜನ. ಬಸುರಿಯರು, ಅವರ ಗಂಡಂದಿರು, ಅವರವರ ಬುತ್ತಿಯ ಗಂಟುಗಳು. ಬಾಗಿಲಲ್ಲಿ ನಿಂತ ಕಂಪೌಂಡರ್ ಇದ್ದಕ್ಕಿದ್ದಂತೆ, “ಇಳಕಲ್ಲ ಕಸ್ತೂರವ್ವ! ಉಚ್ಚಿ ಸೋರೂ ಪೇಶಂಟ್ ಯಾರ್ರೀ?” ಎಂದು ಕೂಗಿದ.

ಇಡೀ ಕೋಣೆ ತಿರುಗಿತು. ಮಲ್ಲಪ್ಪ ಗೋಡೆಯ ಮೇಲಿನ ಗುಂಡುಮಗುವಿನ ಕ್ಯಾಲೆಂಡರನ್ನು ಓದತೊಡಗಿದ, ನನಗೂ ಅವನಿಗೂ ಸಂಬಂಧವೇ ಇಲ್ಲವೆಂಬಂತೆ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಬಿಡಲಿಲ್ಲ. ಬಿಡದೆ ಇದ್ದಮೇಲೆ ಏಳಲೇಬೇಕಲ್ಲ, ಎದ್ದೆ. “ನಾನ ನೋಡಪಾ. ದನಿ ಚಲೋ ಐತಿ ನಿಂದು, ಕಂಡಕ್ಟರ್ ಆಗಬೇಕಿತ್ತು” ಎಂದೆ. ಬೆಂಚಿನ ಮೇಲಿದ್ದ ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು, ನಕ್ಕವಳು ತಟ್ಟನೆ ಮೊಣಕಾಲು ಜೋಡಿಸಿಕೊಂಡಳು. ಒಬ್ಬಳೇ ಅಲ್ಲ ನಾನು ಎಂದು ಮೊದಲ ಸಲ ಗೊತ್ತಾದದ್ದು ಆಗ.

ಡಾಕ್ಟರಮ್ಮ ನಾವು ಹೇಳಿದ್ದನ್ನು ಕಿವಿಗೊಟ್ಟು ಕೇಳುವ ಜಾತಿಯವರು. ಮೊದಲು ಕೆಲವು ತಿಂಗಳು ಒಳಗಿನ ಸ್ನಾಯು ಬಿಗಿಹಿಡಿಯುವ ವ್ಯಾಯಾಮ ಮಾಡಿಸಿದರು. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ಮಾಡಿದೆ. ಸ್ವಲ್ಪ ಗುಣ ಕಂಡಿತು, ಆದರೆ ನಿಲ್ಲಲಿಲ್ಲ. ನಂತರ, ಮೂತ್ರದ ನಾಳದ ಕೆಳಗೆ ಆಸರೆಯಾಗಿ ಒಂದು ಸಣ್ಣ ಪಟ್ಟಿ ಕೂರಿಸುವ ಆಪರೇಷನ್ ಮಾಡಬಹುದು ಎಂದರು. ಆ ಪಟ್ಟಿ ಒಳಗೇ ಉಳಿಯುತ್ತದೆ, ಕೆಲವರಿಗೆ ಮುಂದೆ ನೋವು, ತೊಡಕು ಆಗುವುದೂ ಉಂಟು, ಯೋಚನೆ ಮಾಡಿ ಹೇಳಿ ಎಂದು ಮುಚ್ಚಿಡದೆ ಹೇಳಿದರು. ಅದಕ್ಕೇ ನನಗೆ ನಂಬಿಕೆ ಬಂತು.

“ಪೂರ್ತಿ ನಿದ್ದಿ ಬರಸೂದಿಲ್ಲ, ಬೆನ್ನಿಗೆ ಸೂಜಿನೂ ಇಲ್ಲ” ಎಂದರು. “ಆ ಜಾಗ ಅಷ್ಟ ಸೂಜಿ ಕೊಟ್ಟು ಮರಗಟ್ಟಿಸ್ತೀನಿ. ನೀವು ಎಚ್ಚರ ಇರಬೇಕು. ನಾ ಹೇಳಿದಾಗ ಕೆಮ್ಮಬೇಕು. ಪಟ್ಟಿ ಎಷ್ಟ ಬಿಗೀಬೇಕು ಅನ್ನೂದು ನಿಮ್ಮ ಕೆಮ್ಮಿನಿಂದ ಗೊತ್ತಾಗತೈತಿ. ಸಡ್ಲಾದ್ರ ಸೋರತೈತಿ, ಬಿಗಿ ಆದ್ರ ಉಚ್ಚಿನ ಬರೂದಿಲ್ಲ.”

ಎಲ್ಲ ಕಡೆಯೂ ಹೀಗೆ ಮಾಡುವುದಿಲ್ಲವಂತೆ. ಆದರೆ ಈ ಸಡಿಲು-ಬಿಗಿಯ ಲೆಕ್ಕ ಸೀರೆ ಉಡುವವರಿಗೆ ಹೊಸ ಮಾತಲ್ಲ. ಲಂಗದ ಲಾಡಿ ಸಡಿಲಾದರೆ ಮರ್ಯಾದೆ ಹೋಗುತ್ತದೆ, ಬಿಗಿಯಾದರೆ ಉಸಿರು ಹೋಗುತ್ತದೆ. ಅರ್ಥವಾಯಿತು. ಆದರೂ ಒಪ್ಪುವುದು ಸುಲಭವಿರಲಿಲ್ಲ. ನಿದ್ದೆಯಲ್ಲಿದ್ದರೆ ಯಾರು ನೋಡಿದರು, ಏನು ನೋಡಿದರು ಎಂಬುದು ನಮಗೆ ತಿಳಿಯುವುದಿಲ್ಲ. ಎಚ್ಚರವಿದ್ದು, ಕಾಲು ಮೇಲೆ ಕಟ್ಟಿಸಿಕೊಂಡು, ದೀಪದ ಕೆಳಗೆ, ನಾಲ್ಕು ಜನರೆದುರು ಕೆಮ್ಮಿ ಸೋರಿ ತೋರಿಸಬೇಕು! ಇಷ್ಟು ವರ್ಷ ಯಾವುದನ್ನು ಮುಚ್ಚಲು ಒದ್ದಾಡಿದೆನೋ ಅದನ್ನೇ.

ಮನೆಯಲ್ಲಿ ಅತ್ತೆ ಗಲ್ಲಕ್ಕೆ ಕೈಯಿಟ್ಟುಕೊಂಡರು. “ಅಲ್ಲೆ ಕೊಯ್ಯಾಗ ಕಣ್ಣ ತೆರಕೊಂಡು ಮಲಗೂದ? ಯವ್ವಾ! ಮಕ್ಕಳ ಹಡದಾರಿಗೆ ಎಲ್ಲಾರಿಗೂ ಇರೂದ ಅದು. ನಾವೇನು ಡಂಗರ ಹೊಡಕೊಂಡ ಅಡ್ಡ್ಯಾಡಿವೇನ?” ಎಂದರು. ನಾನು ಹೋಗಿಯೇ ಹೋಗುತ್ತೇನೆಂದು ಗೊತ್ತಾದಮೇಲೆ, “ಮಂದಿಗೆ ಕಿಡ್ನ್ಯಾಗ ಕಲ್ಲಂತ ಹೇಳ್ರಿ” ಎಂದು ತೀರ್ಮಾನ ಕೊಟ್ಟರು. ಮಲ್ಲಪ್ಪನೂ ತಲೆಯಾಡಿಸಿದ. ಓಣಿಯ ತುಂಬ ಸಂಜೆಯೊಳಗೆ ನನ್ನ ಕಿಡ್ನಿಯ ಕಲ್ಲಿನ ಸುದ್ದಿ. ಎದುರುಮನೆ ನೀಲವ್ವ ಹುರಳಿ ಕುದಿಸಿದ ನೀರು ತಂದುಕೊಟ್ಟು, “ದಿನಾ ಇದನ್ನ ತಂಬಿಗಿಗಟ್ಟಲೆ ಕುಡಿ, ಕಲ್ಲ ಕರಗಿ ಹೊರಗ ಬರತೈತಿ” ಎಂದಳು. ಬಸ್ಸಿಗೆ ಹೊರಡುವ ಮುನ್ನ ನನಗೆ ತಂಬಿಗೆ ನೀರು!

ಆಪರೇಷನ್ನಿಗೆ ಅತ್ತೆ ಬರಲಿಲ್ಲ. ದೂರದ ಬಸ್ಸು ಅವರಿಗೆ ಆಗಿಬರುವುದಿಲ್ಲ, ತಲೆ ತಿರುಗುತ್ತದೆ. ಮಗಳ ಮನೆ ಇರುವ ಹುನಗುಂದದಾಚೆಗೆ ಅವರು ಹೋದದ್ದನ್ನು ನಾನು ಕಂಡೇ ಇಲ್ಲ. ನಾನು ಮತ್ತು ಮಲ್ಲಪ್ಪ ಹೊರಟೆವು, ಖಾದರ ಸಾಹೇಬರ ಗಾಡಿಯಲ್ಲೇ. ಅವರು ಹಿಂದಿನಂತೆ ಅಮೀನಗಡದಲ್ಲಿ ಇಳಿದು ಟಾಯರಿಗೆ ಒದ್ದರು.

ಸೂಜಿ ಚುಚ್ಚಿದಾಗ ಉರಿಯಿತು. ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಜಾಗ ನನ್ನದಲ್ಲವೆಂಬಂತೆ ದಪ್ಪಗಾಯಿತು. ಎಳೆದದ್ದು, ಒತ್ತಿದ್ದು ಗೊತ್ತಾಗುತ್ತಿತ್ತು, ನೋವಿಲ್ಲ. ತಲೆಯ ಹತ್ತಿರ ಕುಳಿತಿದ್ದ ನರ್ಸು ನನ್ನ ಕೈ ಹಿಡಿದುಕೊಂಡು ಅವಳ ಮಗನ ಸಾಲೆಯ ಮಾತು ಹೇಳುತ್ತಿದ್ದಳು. ಆ ಕೈ ಇಲ್ಲದಿದ್ದರೆ ನಾನು ಎದ್ದು ಓಡುತ್ತಿದ್ದೆ.

“ಈಗ ಕೆಮ್ಮರಿ” ಎಂದರು ಡಾಕ್ಟರಮ್ಮ.

ಕೆಮ್ಮಿದೆ.

“ಹಿಂಗಲ್ರಿ. ಜೋರಾಗಿ.”

ಮತ್ತೆ ಕೆಮ್ಮಿದೆ. ಗಂಟಲಲ್ಲೇ ಖಕ್ ಎಂದು ಸದ್ದಾಗಿ ಅಲ್ಲೇ ನಿಂತಿತು. ಎಷ್ಟು ಪ್ರಯತ್ನಪಟ್ಟರೂ ಅಷ್ಟೇ. ತುಟಿ ಬಿಗಿದು, ಹೊಟ್ಟೆ ಅಲುಗದ ಹಾಗೆ, ಯಾರಿಗೂ ಗೊತ್ತಾಗದ ಹಾಗೆ ಕೆಮ್ಮುವುದನ್ನು ಇಷ್ಟು ವರ್ಷ ರೂಢಿ ಮಾಡಿಕೊಂಡಿದ್ದೆನಲ್ಲ. ಈಗ ಬಿಟ್ಟು ಕೆಮ್ಮು ಅಂದರೆ ಮೈಗೆ ಮರೆತೇ ಹೋಗಿದೆ!

“ಕಸ್ತೂರವ್ವ, ನೀವು ಕೆಮ್ಮಲಿಲ್ಲಂದ್ರ ನಾ ಅಂದಾಜಿನ ಮ್ಯಾಲ ಬಿಗೀಬೇಕಾಗತೈತಿ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಚಿಂತೆ ಇತ್ತು.

ನನ್ನ ಕಣ್ಣ ಮುಂದೆ ಡಿಪೋದ ಖಾಲಿ ಕುರ್ಚಿ ಬಂತು. ಇಷ್ಟು ದೂರ ಬಂದು, ಮಾನ ಮರ್ಯಾದೆ ಎಲ್ಲ ಬಿಚ್ಚಿಟ್ಟು ಮಲಗಿ, ಒಂದು ಕೆಮ್ಮಿಗಾಗಿ ಸೋಲುವುದೇ? ನನಗೆ ನನ್ನ ಮೇಲೆ ಸಿಟ್ಟು ಬಂತು, ಮೆಲ್ಲಗಿರು ಮೆಲ್ಲಗಿರು ಎಂದವರ ಮೇಲೆಲ್ಲ ಸಿಟ್ಟು ಬಂತು.

“ಡಾಕ್ಟ್ರ, ಕೆಮ್ಮು ಬರವಲ್ದು. ಕೂಗಲೇನ್ರಿ?”

“ಏನ್ ಕೂಗ್ತೀರಿ?”

“ಬಸ್ಸು.”

“ಕೂಗ್ರಿ. ಹೊಟ್ಟಿಯಿಂದ ಬರಬೇಕು ಮತ್ತ” ಎಂದರು.

ನಾನು ಕಣ್ಣು ಮುಚ್ಚಿದೆ. ಇಳಕಲ್ಲ ಸ್ಟ್ಯಾಂಡು, ಆಚೆ ಬದಿಯ ಚಹಾದಂಗಡಿ, ಬಾಗಿಲ ಕಂಬಿ. ಎದೆತುಂಬ ಉಸಿರು ಎಳೆದುಕೊಂಡೆ. “ಯಾರ್ರೀ ಹುನಗುಂದ, ಅಮೀನಗಡ, ಕಮತಗಿ, ಬಾಗಲಕೋಟಿ, ಬಾಗಲಕೋಟಿ, ಬಾಗಲಕೋಟೀ!”

ನರ್ಸು ಬೆಚ್ಚಿ ಕೈ ಬಿಟ್ಟಳು. ಯಾವುದೋ ಸ್ಟೀಲಿನ ಬಟ್ಟಲು ಕೆಳಗೆ ಬಿತ್ತು. ಸೋರಿತು, ಚೆನ್ನಾಗಿಯೇ ಸೋರಿತು. “ಶಭಾಷ್! ಇನ್ನೊಮ್ಮಿ” ಎಂದರು ಡಾಕ್ಟರಮ್ಮ. ಒಳಗೆ ಏನೋ ಸ್ವಲ್ಪ ಎಳೆದ ಹಾಗಾಯಿತು. ಮತ್ತೆ ಕೂಗಿದೆ. ಹನಿ ಬಂತು. ಮತ್ತೆ ಎಳೆತ, ಮತ್ತೆ ಕೂಗು. ಈ ಸಲ ಇಡೀ ಕೋಣೆ ಉಸಿರು ಹಿಡಿದು ನನ್ನ ಕೂಗು ಮುಗಿಯುವುದನ್ನೇ ಕಾಯುತ್ತಿತ್ತು.

“ಬಾಗಲಕೋಟಿ ಬಂತ್ರಿ, ಇನ್ನ ಇಳೀಬಹುದು” ಎಂದರು ಡಾಕ್ಟರಮ್ಮ. ಹನಿ ಇರಲಿಲ್ಲ. ನಾನು ನಕ್ಕೆ. ಬಾಯಿಬಿಟ್ಟು, ಹೊಟ್ಟೆ ಅಲುಗಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಆಗಲೂ ಇರಲಿಲ್ಲ.

ಹೊರಗೆ ತಂದಾಗ ಮಲ್ಲಪ್ಪ ಗೋಡೆಗೆ ಆತು ನಿಂತಿದ್ದ. ಕಣ್ಣು ಕೆಂಪಾಗಿದ್ದವು. ಕಂಪೌಂಡರ್ ಓಡಿಬಂದು, “ಪೇಶಂಟಿಗೆ ತಲಿ ಕೆಟ್ಟೈತೇನ್ರಿ, ಬಸ್ಸು ಕೂಗಾಕತ್ತಾರ” ಎಂದು ಕೇಳಿದನಂತೆ. “ಇಲ್ಲಪಾ, ಅಕಿ ಮೊದಲಿಂದ್ಲೂ ಹಂಗ” ಎಂದನಂತೆ ಇವನು. ನನ್ನ ಹತ್ತಿರ ಬಗ್ಗಿ, “ಆ ದನಿ ಕೇಳಿ ಎಷ್ಟ ವರ್ಷ ಆಗಿತ್ತಲೇ” ಎಂದ. ಅಷ್ಟೇ ಅಂದದ್ದು. ಕ್ಯಾಲೆಂಡರ್ ಓದಿದ್ದನ್ನು ನಾನು ಅಲ್ಲಿಗೇ ಮನ್ನಿಸಿದೆ.

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ತಾನಾಗಿ ಉಚ್ಚೆ ಹೋಗಬೇಕು, ಇಲ್ಲವಾದರೆ ಮೂತ್ರ ಇಳಿಸಲು ನಳಿಕೆ ಹಾಕಬೇಕು. ಹೋಗಿ ಕುಳಿತರೆ ಒಂದು ಹನಿಯೂ ಇಲ್ಲ! ಇಷ್ಟು ವರ್ಷ ಬೇಡವೆಂದಾಗೆಲ್ಲ ಬಂದದ್ದು ಈಗ ಬೇಕೆಂದರೆ ಬಾರದು. ನರ್ಸು ಬಂದು ನಲ್ಲಿ ತಿರುವಿ, ಬಾಗಿಲು ಎಳೆದುಕೊಂಡು ಹೋದಳು. ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತ ಕೇಳುತ್ತ ನನಗೂ ಬಂತು. ನಾನು ಕರೆದಾಗ ಬಂತು, ಸಾಕೆಂದಾಗ ನಿಂತಿತು. ಅದಕ್ಕಿಂತ ದೊಡ್ಡ ಸುಖವನ್ನು ನಾನು ಕಂಡಿಲ್ಲ, ನಗುವವರು ನಗಲಿ.

ಎಲ್ಲ ಬಂಗಾರವಾಯಿತೆಂದು ಹೇಳಲಾರೆ. ಭಾರ ಎತ್ತದೆ ವಾರಗಟ್ಟಲೆ ಕೂತದ್ದು ಬೇಸರ ತಂದಿತು. ಈಗಲೂ ಕೆಲವು ದಿನ ಅವಸರವಾಗುತ್ತದೆ, ಓಡಬೇಕಾಗುತ್ತದೆ. ಆದರೆ ನೀರು ಕುಡಿಯುತ್ತೇನೆ, ಬಾಟಲಿ ಎತ್ತಿ ಗಟಗಟನೆ. ಮ್ಯಾನೇಜರರು ಮತ್ತೆ ಕುರ್ಚಿಯ ಮಾತು ತೆಗೆದಾಗ, “ಅದು ನಿಮ್ಮಲ್ಲೇ ಇರಲಿ ಸಾಹೇಬ್ರ, ನನ್ನ ಗಾಡಿ ಕೊಡ್ರಿ” ಎಂದೆ.

ಕೆಲಸಕ್ಕೆ ಮರಳಿದ ದಿನ ಗಾಡಿಯ ತುಂಬ ಹೆಂಗಸರು. ಹುನಗುಂದಕ್ಕೆ ಮಗಳ ಮನೆಗೆಂದು ಅತ್ತೆಯೂ ಹತ್ತಿದ್ದರು, ಪಕ್ಕದಲ್ಲಿ ಎದುರುಮನೆ ನೀಲವ್ವ. ನಾನು ಬಾಗಿಲಲ್ಲಿ ನಿಂತು ಕೂಗಿದೆ. ಚಹಾದಂಗಡಿಯವರು ತಲೆ ಎತ್ತಿದರು. ಗಾಡಿ ಊರು ದಾಟಿದಮೇಲೆ ನೀಲವ್ವ ಕೇಳಿದಳು, “ಕಸ್ತೂರಿ, ಕಿಡ್ನ್ಯಾಗಿನ ಕಲ್ಲ ಎಷ್ಟ ದೊಡ್ಡದಿತ್ತವಾ?”

ಅತ್ತೆ ನನ್ನ ಕಡೆ ಕಣ್ಣು ಬಿಟ್ಟರು. ನಾನು ಮಷೀನು ಕೆಳಗಿಳಿಸಿದೆ.

“ಕಲ್ಲ ಇರಲಿಲ್ಲ ನೀಲಕ್ಕ. ಉಚ್ಚಿ ಸೋರತಿತ್ತು. ಆಪರೇಷನ್ ಮಾಡಿಸ್ಕೊಂಡೆ, ಎಚ್ಚರ ಇದ್ದ ಮಾಡಿಸ್ಕೊಂಡೆ. ಈಗ ಸೋರೂದಿಲ್ಲ.”

ಕಂಡಕ್ಟರ್ ದನಿ, ಹಿಂದಿನ ಸೀಟಿಗೂ ಮುಟ್ಟಿತು. ನೀಲವ್ವ ಸೆರಗು ಬಾಯಿಗಿಟ್ಟುಕೊಂಡಳು. ಅತ್ತೆ ಕಿಟಕಿಯ ಕಡೆ ತಿರುಗಿದವರು ನನ್ನತ್ತ ನೋಡಲೇ ಇಲ್ಲ. ಹಿಂದಿನಿಂದ ಯಾರೋ, “ಯಾವ ದವಾಖಾನಿ ಅಂದ್ರಿ?” ಎಂದರು. ಹೇಳಿದೆ. ಇನ್ನೊಬ್ಬಳು ಮತ್ತೊಮ್ಮೆ ಹೇಳಿಸಿಕೊಂಡಳು.

ಹುನಗುಂದ ಬಂತು. ನೀಲವ್ವ ಇಳಿದಳು. ಅತ್ತೆ ಏಳಲಿಲ್ಲ. ತಮ್ಮ ಕೆಳಗೆ ಮಡಿಚಿ ಹಾಸಿಕೊಂಡಿದ್ದ ಹಳೆಯ ಬಟ್ಟೆಯನ್ನು ಕೈಯಿಂದ ಒತ್ತಿ ಹಿಡಿದು ಹಾಗೆಯೇ ಕುಳಿತಿದ್ದರು. ಆ ಬಟ್ಟೆಯನ್ನು ಎಷ್ಟು ವರ್ಷದಿಂದ ನೋಡಿದ್ದೇನೆ, ಸೀಟಿನ ಧೂಳಿಗೆ ಅಂದುಕೊಂಡಿದ್ದೆ.

“ಅತ್ತಿ, ಹುನಗುಂದ ಬಂತು.”

“ಬಾಗಲಕೋಟಿಗೆ ಕೊಡು” ಎಂದರು, ಕಿಟಕಿಯ ಕಡೆಗೇ ನೋಡುತ್ತ. ಆಮೇಲೆ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ನಂದೂ ಹಂಗ ಐತಿ. ನಿನ್ನ ಗಂಡನ್ನ ಹಡದಾಗಿಂದ. ಆ ಡಾಕ್ಟರ್ ಇವತ್ತ ಇರ್ತಾರೇನ?”

“ಇರ್ತಾರ” ಎಂದೆ. ಮಷೀನಿನಿಂದ ಬಾಗಲಕೋಟೆಯ ಶೂನ್ಯ ಟಿಕೆಟ್ ಹರಿದು ಅವರ ಕೈಗಿಟ್ಟೆ. ಸೀಟಿ ತುಟಿಗಿಟ್ಟು ಎರಡು ಸಲ ಊದಿದೆ. ಗಾಡಿ ಹೊರಟಿತು.

ಮುಂದೆ ಅಮೀನಗಡ. ಖಾದರ ಸಾಹೇಬರು ಕನ್ನಡಿಯಲ್ಲಿ ನನ್ನನ್ನು ನೋಡಿದರು, ಟಾಯರು ನೋಡಬೇಕೇ ಬೇಡವೇ ಎಂಬಂತೆ. ನಾನು ಕಂಬಿ ಹಿಡಿದು ಇಡೀ ಗಾಡಿಗೆ ಕೇಳುವಂತೆ ಕೂಗಿದೆ.

“ಅಮೀನಗಡದಾಗ ಗಾಡಿ ನಿಂದರತೈತ್ರೀ! ಟಾಯರಿಗೇನೂ ಆಗಿಲ್ಲ. ಹೆಣ್ಣಮಕ್ಕಳಿಗೆ ಒಂದಕ್ಕ ಹೋಗೂದೈತಿ!”